ಬಾವು ಬರಲೆಂದು ಕಾದ 20 ನಿಮಿಷ

ಎರಡು ದಿನ ಬೀಸಿದ ಶಮಾಲ್ ಗಾಳಿ ಆಗಷ್ಟೇ ತಗ್ಗಿತ್ತು. ಯುಎಇ ಕರಾವಳಿಯಲ್ಲಿ ಕಡಲ ನೀರನ್ನು ಕುಡಿಯುವ ನೀರಾಗಿಸುವ ಸ್ಥಾವರದ ಇನ್‌ಟೇಕ್‌ನಲ್ಲಿ, ಅಂದರೆ ಕಡಲ ನೀರು ಒಳಬರುವ ಜಾಗದಲ್ಲಿ, ನನಗೆ ರಾತ್ರಿ ಪಾಳಿ. ಕಸ ತಡೆಯುವ ಜಾಲರಿ ಸ್ಕ್ರೀನಿಗೆ ಜೆಲ್ಲಿ ಮೀನು ಅಡರಿ ಡಿಫರೆನ್ಷಿಯಲ್ (ಜಾಲರಿಯ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ) ಏರುತ್ತಿತ್ತು, ಕಂಟ್ರೋಲ್ ರೂಮಿನಿಂದ ಮೇಲಿಂದ ಮೇಲೆ ಫೋನು. ಕಸದ ಬುಟ್ಟಿಯಲ್ಲಿ ಒಂದು ಹಾವು ಜೋತುಬಿದ್ದಿತ್ತು. ಸಣ್ಣ ತಲೆ, ಹಿಂದಕ್ಕೆ ಹೋದಂತೆ ದಪ್ಪವಾಗುವ ಮೈ, ಬೂದು ಬಣ್ಣದ ಮೇಲೆ ಕಪ್ಪು ಪಟ್ಟೆ, ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ.

ನಾನು ಮಲ್ಪೆಯ ಮೀನುಗಾರರ ಮನೆಯವನು. ಬಲೆಗೆ ಬಿದ್ದ ಕಡಲ ಹಾವನ್ನು ಅಪ್ಪ ಬರಿಗೈಯಲ್ಲಿ ಬಾಲ ಹಿಡಿದು ನೀರಿಗೆ ಎಸೆಯುವುದನ್ನು ನೋಡುತ್ತಲೇ ಬೆಳೆದವನು. “ಸತ್ತಿದೆ, ತೆಗೆದು ಬಿಸಾಡು” ಎಂದು ಹೆಲ್ಪರ್ ಹುಡುಗನಿಗೆ ಹೇಳಿದೆ.

“ಭಾಯ್, ಮುಳ್ಳು ಚುಚ್ಚಿತು” ಎಂದ. ಕೈಗವಸು ಮುಗಿಯುವಲ್ಲಿ, ಮಣಿಕಟ್ಟಿನ ಮೇಲೆ, ಸೂಜಿಮೊನೆಯಷ್ಟು ಎರಡು ಚುಕ್ಕೆ. ನೋವಿಲ್ಲ ಎಂದ. ಅವನನ್ನು ಕೂರಿಸಿ, ಟಾರ್ಚ್ ಹಿಡಿದು ಬಾವು ಬರುತ್ತದೆಯೇ ಎಂದು ನೋಡುತ್ತ ಕುಳಿತೆ. ಕೆಲಸಕ್ಕೆ ಮುಂಚಿನ ಸುರಕ್ಷತೆಯ ಟೂಲ್‌ಬಾಕ್ಸ್ ಸಭೆಗಳಲ್ಲಿ ನಮಗೆ ಕಲಿಸಿದ್ದೆಲ್ಲ ಮರುಭೂಮಿಯ ಹಾವುಗಳ ಪಾಠ: ಮರಳಿನೊಳಗೆ ಹುದುಗಿ ಕಾಯುವ ಕೊಂಬಿನ ಮಂಡಲ, ಮೈ ಉಜ್ಜಿ ಸದ್ದು ಮಾಡುವ ಗರಗಸ ಮಂಡಲ. ಅವು ಕಚ್ಚಿದರೆ ಉರಿ, ಬಾವು, ರಕ್ತಸ್ರಾವ. ಹುಡುಗನ ಕೈ ಇದ್ದ ಹಾಗೇ ಇತ್ತು. 20 ನಿಮಿಷ ಹಾಗೆಯೇ ಕಳೆದೆ. ನನ್ನ ಮನಸ್ಸು ಅರ್ಧ ಅವನ ಮೇಲೆ, ಅರ್ಧ ಡಿಫರೆನ್ಷಿಯಲ್ ಮೇಲೆ. ಅಷ್ಟರಲ್ಲಿ ಬುಟ್ಟಿಯಲ್ಲಿ ಸತ್ತಿದ್ದ ಹಾವು ತಲೆ ಎತ್ತಿತು.

ಕ್ಲಿನಿಕ್‌ಗೆ ಫೋನ್ ಮಾಡಿದಾಗ ದಾದಿ ಗದರಿದರು. ಕಡಲ ಹಾವು ಕಚ್ಚಿದರೆ ನೋವೂ ಇರದು, ಬಾವೂ ಇರದು. ವಿಷ ಸ್ನಾಯುಗಳಿಗೆ ಇಳಿದು, ಗಂಟೆಗಳ ನಂತರ ಮೈ ಬಿಗಿದು, ಮೂತ್ರ ಕಪ್ಪಾಗಬಹುದು. ಕೈಗೆ ಬ್ಯಾಂಡೇಜ್ ಸುತ್ತಿ, ಹಲಗೆ ಕಟ್ಟಿ, ಅಲುಗಾಡದಂತೆ ಹಿಡಿದುಕೊಂಡು ಆಂಬುಲೆನ್ಸ್ ಕಾದೆ. “ಅಮ್ಮನಿಗೆ ಫೋನ್ ಮಾಡಲೇ?” ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಹಾವು ಕಚ್ಚಿತ್ತು, ವಿಷ ಬಿಟ್ಟಿರಲಿಲ್ಲ. ಒಂದು ದಿನ ಆಸ್ಪತ್ರೆಯಲ್ಲಿಟ್ಟು ರಕ್ತ, ಮೂತ್ರ ನೋಡಿ ಕಳುಹಿಸಿದರು.

ಗೋಡೆಯ ಸುರಕ್ಷತಾ ಭಿತ್ತಿಪತ್ರದಲ್ಲಿ ಇವತ್ತಿಗೂ ಎರಡು ಮಂಡಲಗಳಷ್ಟೇ ಇವೆ. ಕಡಲ ಪಕ್ಕದಲ್ಲೇ ದುಡಿಯುವವರಿಗೆ ಕಡಲ ಹಾವಿನ ಚಿತ್ರ ಬೇಡವೇ ಎಂದು ಮೂರು ಸಲ ಬರೆದೆ. ಮೇಲಿನವರ ಒಪ್ಪಿಗೆ ಬಂದಿಲ್ಲ. ಸ್ಕ್ರೀನ್ ಪಕ್ಕ ಹಿಂದಿ, ಬಂಗಾಳಿಯಲ್ಲಿ ಬರೆಸಿದ ಹಾಳೆ ಅಂಟಿಸಿದ್ದೇನೆ. ಉದ್ದನೆಯ ಇಕ್ಕಳವನ್ನು ನನ್ನ ದುಡ್ಡಿನಲ್ಲೇ ತಂದೆ. ಈಗ ಹಾವು ಸಿಕ್ಕರೆ, ಅಲುಗಾಡಲಿ ಬಿಡಲಿ, ಇಕ್ಕಳದಿಂದ ಬಕೆಟ್‌ಗೆ ಹಾಕಿ ಕಡಲಿಗೇ ಬಿಡುತ್ತೇವೆ.