ಈ ಬಿಸಿಲೂರಲ್ಲಿ ಉಣ್ಣೆ ಯಾಕೆ?

“ಅಕ್ಕಾರ, ಇಂಥಾ ಬಿಸಲಾಗ ಉಲ್ಲನ್ ಹಿಡ್ಕೊಂಡು ಕುಂತೀರಲ್ಲ, ಯಾರಿಗ್ರೀ ಸ್ವೆಟರ್?”

ಇಳಕಲ್ಲಿನ ನಮ್ಮ ಓಣಿಯವರು, ಮನೆಗೆ ಬಂದ ಬೀಗರು, ಹಾಲು ಹಾಕುವ ಹುಡುಗ, ಎಲ್ಲರೂ ಇದನ್ನೇ ಕೇಳುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ಕೇಳೋದು ಸಹಜ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2019ರಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ನಲವತ್ತು ವರ್ಷ ರಾಟಿ ಮುಂದೆ ಕೂತು ಅಪ್ಪನ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದ ಕೈ ಅದು. ಅಂಥ ಕೈ ಹಾಸಿಗೆ ಮೇಲೆ ಸುಮ್ನೆ ಬಿದ್ದಿರೋದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಅವ್ವನನ್ನು ಮಾತಾಡಿಸಲು ಬೆಳಗಾವಿಯಿಂದ ಚಿಗವ್ವ ಬಂದಳು. ಆ ಊರಿನ ಮಳೆ, ಚಳಿಗೆ ಅವರ ಮನೆಯಲ್ಲಿ ಸ್ವೆಟರ್ ಹೆಣೆಯುವ ರೂಢಿ ಇದೆ. ಚೀಲದಿಂದ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ತೆಗೆದು ನನ್ನ ಕೈಗಿಟ್ಟಳು. “ರಾತ್ರಿಯೆಲ್ಲಾ ಎಚ್ಚರ ಇರಬೇಕಾಗ್ತೈತಿ, ಇದನ್ನ ಕಲಿ” ಅಂದಳು.

ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಕಲಿಸಿದ್ದು ಅಷ್ಟೇ. ಮರುದಿನ ನೋಡಿದರೆ ಹತ್ತು ಸಾಲು ಕೆಳಗೆ ಒಂದು ಕುಣಿಕೆ ಜಾರಿತ್ತು. ಚಿಗವ್ವ ಕಡ್ಡಿ ಹಿರಿದು ಎಳೆದೇಬಿಟ್ಟಳು. ರಾತ್ರಿಯಿಡೀ ಹೆಣೆದದ್ದು ಸರ್ರನೆ ಬಿಚ್ಚಿಕೊಂಡಿತು. ನನಗೆ ಅಳು ಬಂತು. ಆದರೆ ನೂಲಿಗೆ ಏನೂ ಆಗಿರಲಿಲ್ಲ. ಹಾಗೇ ಇತ್ತು. ಮನೆಯಲ್ಲಿ ಯಾವುದನ್ನೂ ಮೊದಲಿನ ಹಾಗೆ ಮಾಡಲು ಆಗದ ದಿನಗಳು ಅವು. ಇದೊಂದನ್ನು ಮಾತ್ರ ಬಿಚ್ಚಿ, ಮತ್ತೆ ಮೊದಲಿಂದ ಶುರು ಮಾಡಬಹುದಿತ್ತು. ನನಗೆ ಸಮಾಧಾನ ಸಿಕ್ಕಿದ್ದು ಅಲ್ಲಿ.

ಲಕ್ವಾ ಹೊಡೆದ ಕಾಲು ಬೇಸಿಗೆಯಲ್ಲೂ ತಣ್ಣಗೇ ಇರುತ್ತಿತ್ತು. ಹಾಗಾಗಿ ನಾನು ಮೊದಲು ಹೆಣೆದದ್ದು ಅವ್ವನಿಗೆ ಒಂದು ಜೊತೆ ಕಾಲುಚೀಲ. ಚೌಕವಾಗಿ ಹೆಣೆದು, ಮಡಚಿ ಹೊಲಿದದ್ದು. ಬಿಸಿಲೂರಲ್ಲಿ ಉಣ್ಣೆ ಯಾರಿಗೆ ಅಂದರೆ, ಮೊದಲ ಉತ್ತರ ಇದು.

ಅವ್ವ ಮಲಗಿದಲ್ಲಿಂದಲೇ ನನ್ನ ಕಡ್ಡಿಗಳನ್ನು ನೋಡುತ್ತಿದ್ದಳು. ಒಂದು ದಿನ ತೊದಲುತ್ತಾ, “ನಮ್ಮ ಸೆರಗು ಇದ್ದಂಗ ಐತಿ” ಅಂದಳು. ನಾನು ಬೆರಗಾದೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆಯೊಳಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಟೋಪ್ ತೆನಿ ಅನ್ನೋದು ಅದಕ್ಕೇ. ಆ ಜೋಡಣೆಗಾಗಿಯೇ ಹಾಸನ್ನು ಒಂದೊಂದು ಸೀರೆಯ ಉದ್ದಕ್ಕೆ ಮಾಡಿಕೊಳ್ಳಬೇಕು. ಅಪ್ಪನ ಮಗ್ಗದ ಪಕ್ಕದಲ್ಲೇ ಬೆಳೆದ ನನಗೆ ಇದು ಹೊಳೆದಿರಲಿಲ್ಲ ನೋಡಿ.

ಆಮೇಲೆ ಅವ್ವನ ಎಡಗೈಗೆ ಲಡಿ, ಅಂದರೆ ಸಡಿಲವಾಗಿ ಸುತ್ತಿದ ನೂಲಿನ ಕಟ್ಟು, ಹಾಕಿ ನಾನು ಉಂಡೆ ಸುತ್ತತೊಡಗಿದೆ. ಕಣ್ಣು ಮುಚ್ಚಿಕೊಂಡೇ ಹೆಬ್ಬೆರಳಲ್ಲಿ ಗಂಟು ಹಿಡಿಯುತ್ತಿದ್ದಳು.

ಬಣ್ಣದ ಹುಚ್ಚು ಹತ್ತಿದ್ದೂ ಅವ್ವನಿಂದಲೇ. ಅಂಗಡಿ ಉಲ್ಲನ್‌ನ ಬಣ್ಣ ಅವಳಿಗೆ ಹಿಡಿಸಲಿಲ್ಲ. ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು, ಗಿರಿ ಕುಂಕುಮ, ಇಳಕಲ್ ಸೀರೆಯ ಈ ಬಣ್ಣಗಳನ್ನೆಲ್ಲ ನೋಡಿದ ಕಣ್ಣು ಅವು. ನಮ್ಮ ಕಡೆ ಕುರಿಗೇನು ಕಡಿಮೆ ಇಲ್ಲ. ಆದರೆ ದಖ್ಖನಿ ಕುರಿಯ ಉಣ್ಣೆ ಒರಟು, ಕಂಬಳಿಗೆ ಬಹಳ ಚಲೋ. ಕಪ್ಪು ಉಣ್ಣೆಯ ಮೇಲೆ ಬಣ್ಣವೂ ಏಳೋದಿಲ್ಲ. ಅದಕ್ಕೆ ಮೆರಿನೊ ಅನ್ನೋ ಕುರಿಯ ಮೆತ್ತನೆ ಉಣ್ಣೆಯ ಬಿಳಿ ಲಡಿ ತರಿಸುತ್ತೇನೆ.

ಬಣ್ಣ ಗಟ್ಟಿಯಾಗಿ ಹಿಡಿಯಲು 100 ಗ್ರಾಂ ಉಣ್ಣೆಗೆ 10 ಗ್ರಾಂ ಪಟಕ (ಆಲಮ್) ಬೇಕು. ಪಟಕದ ನೀರಲ್ಲಿ ಒಂದು ತಾಸು ಹದವಾಗಿ ಕಾಯಿಸಿದ ಮೇಲೆ ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಇಳಿಸಬೇಕು. ಹಣ್ಣು ಕೆಂಪಾದರೂ ಸಿಪ್ಪೆ ಬಿಡೋದು ಹಳದಿ. ತುಕ್ಕು ಹಿಡಿದ ಮೊಳೆ ನೆನೆಸಿದ ಬೆಲ್ಲದ ನೀರನ್ನು ಒಂದೆರಡು ಚಮಚ ಹಾಕಿದರೆ, ಆ ಹಳದಿ ಕಣ್ಣೆದುರೇ ಮಳೆ ಮೋಡದ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ಆ ಗಳಿಗೆಯಲ್ಲಿ ನನ್ನ ಎದೆ ಝಲ್ ಅನ್ನುತ್ತದೆ. ಅರಿಶಿನ ಬೇಗ ಹತ್ತುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಹಾರಿಹೋಗುತ್ತದೆ. ಬಣ್ಣದ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ. ಉಣ್ಣೆಯನ್ನು ಕುದಿಸಬೇಡಿ, ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ತಂಪು, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಲಡಿ ಗಟ್ಟಿಯಾಗಿಬಿಡುತ್ತದೆ. ಪಾತ್ರೆಯಲ್ಲೇ ಆರಲು ಬಿಡಿ, ನೆರಳಲ್ಲಿ ಒಣಗಿಸಿ. ನಮ್ಮೂರ ಬಿಸಿಲು ಇಲ್ಲಿ ಉಪಕಾರಕ್ಕೆ ಬರುತ್ತದೆ. ನೆರಳಲ್ಲಿ ಹಾಕಿದರೂ ಬೇಗ ಒಣಗುತ್ತದೆ.

ಹೆಣಿಗೆಯನ್ನು ಬಿಚ್ಚಬಹುದು, ಬಣ್ಣವನ್ನು ಬಿಚ್ಚಲು ಬರೋದಿಲ್ಲ. ತಪ್ಪಿದರೆ ಅದರ ಮೇಲೆ ಇನ್ನೊಂದು ಬಣ್ಣ ಹಾಕಬಹುದು, ಅಷ್ಟೇ. ಗಿರಿ ಕುಂಕುಮಕ್ಕೆ ಎಷ್ಟು ಸಲ ಪ್ರಯತ್ನಿಸಿದೆನೋ. ಪ್ರತಿ ಸಲ ಲಡಿ ತಂದು ತೋರಿಸುತ್ತಿದ್ದೆ. ಅವ್ವ ನೋಡಿ, ತಲೆ ಅಲ್ಲಾಡಿಸಿ, “ಇನ್ನೂ ಸ್ವಲ್ಪ” ಅನ್ನುತ್ತಿದ್ದಳು.

ಎರಡು ಚಳಿಗಾಲದ ಹಿಂದೆ ಅವ್ವ ತೀರಿಕೊಂಡಳು. ಅವಳಿಗೆಂದು ಬಿಳಿ ನೂಲಲ್ಲಿ ಹೆಣೆಯುತ್ತಿದ್ದ ಶಾಲು ಅರ್ಧಕ್ಕೆ ನಿಂತಿತ್ತು. ಮುಂದುವರಿಸಲು ಆಗಲಿಲ್ಲ, ಎತ್ತಿಡಲೂ ಆಗಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಕೂತು ಪೂರ್ತಿ ಬಿಚ್ಚಿದೆ. ಅಷ್ಟು ದಿನ ಕುಣಿಕೆಯಲ್ಲಿದ್ದ ನೂಲು ಗುಂಗುರು ಗುಂಗುರಾಗಿತ್ತು. ಲಡಿ ಮಾಡಿ, ಬೆಚ್ಚಗಿನ ನೀರಲ್ಲಿ ನೆನೆಸಿ, ಹಿತ್ತಲಲ್ಲಿ ತೂಗುಹಾಕಿದೆ. ಸಂಜೆಗೆ ನೇರವಾಯಿತು. ಈಗ ಅದು ಅವ್ವನ ರಾಟಿ ಮೇಲಿದೆ. ಪಟಕ ತೂಗಿ ಇಟ್ಟಿದ್ದೇನೆ. ಯಾವ ಬಣ್ಣ ಅಂತ ಇನ್ನೂ ತೀರ್ಮಾನ ಆಗಿಲ್ಲ.