ನೇಪರ್‌ವಿಲ್‌ನ ಮೀಟಪ್‌ಗೆ ಯಾರ್ಯಾರು ಬಂದರು

ಊರಿನವರಿಗೆ ‘ಶಿಕಾಗೊದಲ್ಲಿದ್ದೇವೆ’ ಎಂದು ಹೇಳುತ್ತೇವೆ. ನಿಜವಾಗಿ ನನಗೆ ಗೊತ್ತಿರುವ ಬಹುಪಾಲು ಕನ್ನಡಿಗರು ಇರುವುದು ನೇಪರ್‌ವಿಲ್, ಅರೋರಾ, ಶಾಂಬರ್ಗ್‌ನಂಥ ಸಬರ್ಬ್‌ಗಳಲ್ಲಿ. ಟೆಕ್ ಮೀಟಪ್‌ಗಳು, ಅಂದರೆ ತಂತ್ರಜ್ಞಾನದ ಆಸಕ್ತರು ಸೇರಿ ಮಾತಾಡುವ ಕೂಟಗಳು, ಮಾತ್ರ ನಡೆಯುವುದು ಡೌನ್‌ಟೌನ್‌ನಲ್ಲಿ. ನೇಪರ್‌ವಿಲ್‌ನಿಂದ ಅಲ್ಲಿಗೆ ಸುಮಾರು 45 ಕಿ.ಮೀ. ಸಂಜೆ ಮೆಟ್ರಾ ರೈಲು ಹಿಡಿದು ಹೋಗಬಹುದು, ಆದರೆ ಭಾಷಣ ಮುಗಿಸಿ ವಾಪಸ್ ಬಂದು ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ಜನವರಿಯ ಚಳಿಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ರೈಲಿಗೆ ಕಾಯುವುದಂತೂ ಬೇಡವೇ ಬೇಡ. ಹಾಗಾಗಿ ಗೆಳೆಯರು ನಾಲ್ಕು ಜನ ಸೇರಿ ಇಲ್ಲೇ ಒಂದು ಶುರುಮಾಡಿದೆವು.

ಜಾಗ ಸಿಕ್ಕಿದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ. ಅಮೆರಿಕದ ಗ್ರಂಥಾಲಯಗಳ ಬಗ್ಗೆ ನನಗಿರುವ ಗೌರವ ದೊಡ್ಡದು. ಪ್ರವೇಶಶುಲ್ಕ ಇಡಬಾರದು, ಏನನ್ನೂ ಮಾರಬಾರದು, ಹೊರಡುವಾಗ ಕುರ್ಚಿಗಳನ್ನು ಮೊದಲಿದ್ದಂತೆ ಜೋಡಿಸಬೇಕು. ಇಷ್ಟಕ್ಕೆ ಒಪ್ಪಿದರೆ ಪ್ರೊಜೆಕ್ಟರ್ ಸಮೇತ ಕೋಣೆ ಪುಕ್ಕಟೆ. ಮುಚ್ಚುವ ವೇಳೆಯ ಘೋಷಣೆ ಬಂದ ಕೂಡಲೇ ಎದ್ದೇಳಬೇಕಾಗಿರುವುದರಿಂದ ಭಾಷಣಕಾರರೂ ಮಾತನ್ನು ಎಳೆಯುವುದಿಲ್ಲ. ದಿನವನ್ನು ತಿಂಗಳ ಎರಡನೇ ಮಂಗಳವಾರ ಎಂದು ಗಟ್ಟಿಮಾಡಿಕೊಂಡೆವು. ಎಷ್ಟೇ ಕಡಿಮೆ ಜನ ಬರಲಿ, ದಿನ ಬದಲಿಸುವುದಿಲ್ಲ. ಜನರಿಗೆ ನಂಬಿಕೆ ಹುಟ್ಟಿಸಿದ್ದು ಇದೊಂದೇ ಎಂದು ನನ್ನ ಅಭಿಪ್ರಾಯ.

ನಾನು ಈ ಬರಹಕ್ಕೆ ಕೂತದ್ದು ಅಲ್ಲಿಗೆ ಬಂದವರ ಬಗ್ಗೆ ಹೇಳಲು. ಡೌನ್‌ಟೌನ್ ಮೀಟಪ್‌ಗಳಲ್ಲಿ ನಾನು ನೋಡುತ್ತಿದ್ದವರು ಹೆಚ್ಚಾಗಿ ಆಫೀಸಿನಿಂದ ನೇರ ಬರುವ ಯುವಕರು. ಇಲ್ಲಿಗೆ ಬಂದವರೇ ಬೇರೆ. ಹೈಸ್ಕೂಲ್ ಹುಡುಗಿ ಅಪ್ಪನ ಜೊತೆ ಬಂದಳು. ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವ ಎಚ್‌4 ವೀಸಾದಲ್ಲಿದ್ದು ಕೆಲಸದ ಪರವಾನಗಿಗೆ ಕಾಯುತ್ತಿದ್ದ ಶಿವಮೊಗ್ಗದ ಒಬ್ಬರು ಬಂದರು. ಕೋಡ್ ಬರೆಯುವುದನ್ನು ಮರೆತುಬಿಡುತ್ತೇನೇನೋ ಎಂಬ ಆತಂಕ ಅವರದು. ‘ನೀವೇ ಒಂದು ವಿಷಯ ಹೇಳಿ ಮೇಡಂ’ ಎಂದು ಒತ್ತಾಯಿಸಿದೆವು. ಅವರು ಪರದೆಯ ಮೇಲೆ ‘ಕನ್ನಡ’ ಎಂದು ಬರೆದು, ಅದರ ಉದ್ದ ಎಷ್ಟು ಎಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೇಳಿದರು. ಉತ್ತರ 5. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಕ, ನ, ಹಲಂತ ಚಿಹ್ನೆ (್), ಇನ್ನೊಂದು ನ, ಡ. ಅವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಇಂಗ್ಲಿಷಿಗಷ್ಟೇ ಪರೀಕ್ಷೆ ಮಾಡಿದ ತಂತ್ರಾಂಶ ಒತ್ತಕ್ಷರದ ನಡುವೆಯೇ ಪದವನ್ನು ಹೇಗೆ ಕತ್ತರಿಸುತ್ತದೆ ಎಂದು ಅವರು ತೋರಿಸಿದಾಗ, ಕನ್ನಡದ ಗಂಧವೇ ಇಲ್ಲದವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು.

ಇನ್ನೊಬ್ಬರು ನಿವೃತ್ತ ಎಂಜಿನಿಯರ್, ಬಿಳಿಗೂದಲಿನ ಅಮೆರಿಕನ್. ಅವರು ಮೊದಲು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಇಂಡಿಯನ್ ಹಿಲ್ ಕೇಂದ್ರ ಇದ್ದದ್ದು ಇದೇ ನೇಪರ್‌ವಿಲ್‌ನಲ್ಲಿ, ಇವರು ದುಡಿದದ್ದೂ ಅಲ್ಲೇ. 1982ರಲ್ಲಿ ಇಲಿನಾಯ್‌ನ ಸೆನೆಕಾ ಎಂಬ ಸಣ್ಣ ಊರಲ್ಲಿ ಮೊದಲು ಚಾಲೂ ಆದ 5ಇಎಸ್‌ಎಸ್ ಟೆಲಿಫೋನ್ ಸ್ವಿಚ್‌ನ (ಎಕ್ಸ್‌ಚೇಂಜಿನಲ್ಲಿ ಕರೆಗಳನ್ನು ಜೋಡಿಸುವ ಯಂತ್ರ) ಹಿಂದೆ ಆ ಕೇಂದ್ರದ ಕೆಲಸವಿದೆ. ಅವರು ಸ್ಲೈಡ್ ತರಲಿಲ್ಲ. ಮಾರ್ಕರ್ ಹಿಡಿದು ಬೋರ್ಡಿನ ಮೇಲೆ ಎರಡು ಚೌಕ ಬರೆದರು. ಒಂದು ಪ್ರೊಸೆಸರ್ ಕೆಲಸ ಮಾಡುತ್ತಿದ್ದರೆ ಇನ್ನೊಂದು ಅದರ ಜಾಗಕ್ಕೆ ಬರಲು ಸಿದ್ಧವಾಗಿ ನಿಂತಿರುತ್ತದೆ. ಬೆಲ್‌ನವರು ಎಲೆಕ್ಟ್ರಾನಿಕ್ ಸ್ವಿಚ್‌ಗಳಿಗೆ ಹಾಕಿಕೊಂಡಿದ್ದ ಗುರಿ: 40 ವರ್ಷದಲ್ಲಿ ಒಟ್ಟು 2 ಗಂಟೆಗಿಂತ ಹೆಚ್ಚು ನಿಲ್ಲಬಾರದು. ಅಂದರೆ ವರ್ಷಕ್ಕೆ 3 ನಿಮಿಷ. ಕ್ಲೌಡ್ ಕೆಲಸದಲ್ಲಿರುವ ಹುಡುಗನೊಬ್ಬ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಸೇವೆ 99.9 ಶೇಕಡಾ ಹೊತ್ತು ನಡೆದರೆ ಸಾಕು ಅಂದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಂತರೂ ನಡೆಯುತ್ತದೆ! ಆಮೇಲೆ ಶುರುವಾದ ಚರ್ಚೆ ಪಾರ್ಕಿಂಗ್‌ವರೆಗೂ ಬಂತು.

ಈ ಭಾಗದಲ್ಲಿ ಹವ್ಯಾಸಿ ಗುಂಪುಗಳಿಗೂ ಹಳೆಯ ಚರಿತ್ರೆಯಿದೆ. 1978ರ ಜನವರಿಯ ಹಿಮಪಾತದಲ್ಲಿ ಮನೆಯೊಳಗೇ ಸಿಕ್ಕಿಕೊಂಡಾಗ, ಶಿಕಾಗೊದ ಕಂಪ್ಯೂಟರ್ ಹವ್ಯಾಸಿಗಳ ಕ್ಲಬ್‌ನ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಫೋನ್ ಲೈನ್ ಮೇಲೆ ಸಂದೇಶ ಬಿಡುವ ವ್ಯವಸ್ಥೆಯ ಕೆಲಸಕ್ಕೆ ಕೈಹಾಕಿದರು. ಫೆಬ್ರವರಿಯಲ್ಲಿ ಅದು ಬಳಕೆಗೆ ಬಂತು. ಜನರು ಡಯಲ್ ಮಾಡಿ ಬಳಸಬಹುದಾದ ಮೊದಲ ಬುಲೆಟಿನ್ ಬೋರ್ಡ್ ಅದೇ, ಸಿಬಿಬಿಎಸ್. ಕ್ಲಬ್ಬಿನ ನೋಟಿಸುಗಳನ್ನು ಹಂಚಿಕೊಳ್ಳುವ ದಾರಿ ಹುಡುಕುತ್ತಿದ್ದ ಇಬ್ಬರ ಕೆಲಸ ಅದು. ಕ್ಯಾಲಿಫೋರ್ನಿಯಾದ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬೂ ಅಷ್ಟೆ, 1975ರಲ್ಲಿ ಮೊದಲು ಸೇರಿದ್ದು ಮೆನ್ಲೊ ಪಾರ್ಕ್‌ನ ಒಂದು ಮನೆಯ ಗ್ಯಾರೇಜಿನಲ್ಲಿ. ಸಬರ್ಬ್‌ನ ಮೀಟಪ್ ಎಂದರೆ ಡೌನ್‌ಟೌನಿನದರ ಚಿಕ್ಕ ನಕಲು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆಯಾ ಊರಿನಲ್ಲಿ ಯಾರಿದ್ದಾರೋ ಅವರ ತಿಳಿವಳಿಕೆ ಅಲ್ಲಿಯೇ ಸೇರಿದರೆ ಮಾತ್ರ ಹೊರಬರುತ್ತದೆ.

ಬೆಂಗಳೂರಿನಲ್ಲೂ ಮೀಟಪ್ ಎಂದರೆ ಕೋರಮಂಗಲ, ಇಂದಿರಾನಗರವೇ ಎದ್ದು ಕಾಣುತ್ತವೆ. ಕೆಂಗೇರಿಯವರು, ಯಲಹಂಕದವರು ವಾರದ ದಿನ ಸಂಜೆ ಅಲ್ಲಿಗೆ ಹೋಗಿಬರುವುದು ಹೇಗೆ? ಕೆ.ಆರ್. ಪುರದ ಕಡೆ ಯಾರಾದರೂ ಇಂಥದೊಂದು ಶುರುಮಾಡುವುದಾದರೆ ನನ್ನದೊಂದು ಕೋರಿಕೆ. ಪಕ್ಕದ ದೂರವಾಣಿ ನಗರದಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಇದೆ, 1948ರಿಂದ ದೇಶಕ್ಕೆ ಟೆಲಿಫೋನ್ ಮಾಡಿಕೊಟ್ಟ ಕಾರ್ಖಾನೆ. ಅಲ್ಲಿ ದುಡಿದು ನಿವೃತ್ತರಾದವರನ್ನು ಹುಡುಕಿ. ಅವರಿಗೆ ಸ್ಲೈಡ್ ಮಾಡಿ ಎನ್ನಬೇಡಿ, ಕೈಗೆ ಮಾರ್ಕರ್ ಕೊಟ್ಟು ‘ಎಕ್ಸ್‌ಚೇಂಜ್ ಹೇಗೆ ಕೆಲಸ ಮಾಡುತ್ತಿತ್ತು ಸರ್’ ಎಂದು ಕೇಳಿ.