ಫಿಜಿಯ ಕಾಲಾಳು ಪಡೆ: ಹೊರಗೆ ಕಾವಲು, ಒಳಗೆ ದಂಗೆ

ಒಂಬತ್ತು ಲಕ್ಷದಷ್ಟು ಜನಸಂಖ್ಯೆಯ ಫಿಜಿ ದೇಶದ ಕಾಲಾಳು ರೆಜಿಮೆಂಟಿನ ಇತಿಹಾಸವನ್ನು ಓದುತ್ತ ಹೋದಂತೆ ನನ್ನಲ್ಲಿ ಗೌರವವೂ ಸಂಕಟವೂ ಒಟ್ಟೊಟ್ಟಿಗೇ ಬೆಳೆದವು.

ಗೌರವದ ಮಾತು ಬಂದಾಗ ಕಾರ್ಪೊರಲ್ ಸೆಫನಾಯಿಯಾ ಸುಕನಾಯ್ವಾಲು ಅವರನ್ನು ಮೊದಲು ನೆನೆಯಬೇಕು. 1944ರ ಜೂನ್ 23ರಂದು ಬೂಗನ್‌ವಿಲ್ ದ್ವೀಪದಲ್ಲಿ ಮೂರನೇ ಬೆಟಾಲಿಯನ್ನಿನ ಮುಂಚೂಣಿಯ ತುಕಡಿಯೊಂದು ಜಪಾನಿ ಪಡೆಯ ಹೊಂಚುದಾಳಿಗೆ ಸಿಕ್ಕಿಬಿತ್ತು. ಸುಕನಾಯ್ವಾಲು ತೆವಳಿಕೊಂಡು ಹೋಗಿ ಇಬ್ಬರು ಗಾಯಾಳುಗಳನ್ನು ಹಿಂದಕ್ಕೆ ತಂದರು. ಇನ್ನೊಬ್ಬನನ್ನು ತರಲು ಒಬ್ಬರೇ ಮತ್ತಷ್ಟು ಮುಂದೆ ಹೋದವರು, ಮರಳುವಾಗ ತೊಡೆಗಳಿಗೆ ಗುಂಡು ತಗುಲಿ ಕದಲಲಾರದೆ ಬಿದ್ದರು. ತಮ್ಮ ಬಳಿಗೆ ಬರಬೇಡಿರೆಂದು ಅವರು ಕೂಗಿ ಹೇಳಿದರೂ, ಜೀವಂತವಾಗಿ ಶತ್ರುವಿನ ಕೈಗೆ ಬಿಟ್ಟು ಹೋಗುವುದಿಲ್ಲವೆಂದು ಸಂಗಡಿಗರು ಹಟ ಹಿಡಿದು, ಗುಂಡಿನ ಮಳೆಯಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿ ತಾವೂ ಗಾಯಗೊಳ್ಳುತ್ತಿದ್ದರು. ತಾನು ಬದುಕಿರುವುದು ಕಾಣುತ್ತಿರುವವರೆಗೂ ಇವರು ಹಿಂದೆ ಸರಿಯುವುದಿಲ್ಲ ಎಂಬುದನ್ನು ಅರಿತ ಸುಕನಾಯ್ವಾಲು, ಜಪಾನಿ ಮೆಷಿನ್ ಗನ್ನಿನ ಎದುರಿಗೆ ಮೈಯನ್ನು ಎತ್ತಿ ಒಡ್ಡಿ ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು.

1950ರ ದಶಕದಲ್ಲಿ ಮಲಯಾದ (ಇಂದಿನ ಮಲೇಷ್ಯಾದ ಭಾಗ) ಕಾಡುಗಳಲ್ಲಿ ಹೋರಾಡಿದ ಈ ರೆಜಿಮೆಂಟು, 1978ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಿ ಲೆಬನಾನಿಗೂ 1982ರಲ್ಲಿ ಬಹುರಾಷ್ಟ್ರೀಯ ಪಡೆಯ ಭಾಗವಾಗಿ ಈಜಿಪ್ಟಿನ ಸಿನಾಯಿ ಮರುಭೂಮಿಗೂ ತೆರಳಿತು. 1996ರ ಏಪ್ರಿಲ್ 18ರಂದು ದಕ್ಷಿಣ ಲೆಬನಾನಿನ ಕಾನಾ ಗ್ರಾಮದಲ್ಲಿದ್ದ ಫಿಜಿ ಬೆಟಾಲಿಯನ್ನಿನ ಆವರಣದಲ್ಲಿ ನೂರಾರು ಗ್ರಾಮಸ್ಥರು ಆಶ್ರಯ ಪಡೆದಿದ್ದಾಗ ಇಸ್ರೇಲಿನ ಫಿರಂಗಿ ಗುಂಡುಗಳು ಅದರ ಮೇಲೆ ಬಿದ್ದವು. ನೂರಕ್ಕೂ ಹೆಚ್ಚು ನಾಗರಿಕರು ಸತ್ತರು, ನಾಲ್ವರು ಫಿಜಿ ಸೈನಿಕರು ಗಾಯಗೊಂಡರು. ಆ ನಂತರವೂ ಫಿಜಿಯ ಪಡೆ ಅಲ್ಲಿಂದ ಕಾಲ್ತೆಗೆಯದೆ 2002ರವರೆಗೆ ಲೆಬನಾನಿನಲ್ಲಿಯೇ ಉಳಿಯಿತು.

ಸಂಕಟದ ಕಥೆ ಸ್ವದೇಶದ್ದು. 1987ರ ಮೇ 14ರಂದು ಲೆಫ್ಟಿನೆಂಟ್ ಕರ್ನಲ್ ಸಿತಿವೆನಿ ರಾಬುಕ ಸಂಸತ್ತಿಗೆ ಶಸ್ತ್ರಧಾರಿಗಳನ್ನು ನುಗ್ಗಿಸಿ, ಭಾರತೀಯ ಮೂಲದವರ ಬೆಂಬಲದಿಂದ ಗೆದ್ದುಬಂದಿದ್ದ ಸರ್ಕಾರವನ್ನು ಉರುಳಿಸಿದರು. ಅದೇ ರಾಬುಕ ಅದಕ್ಕೆ ಕೆಲವೇ ವರ್ಷಗಳ ಹಿಂದೆ ಲೆಬನಾನಿನಲ್ಲಿ ಶಾಂತಿಪಾಲನೆಯ ಬೆಟಾಲಿಯನ್ನನ್ನು ಮುನ್ನಡೆಸಿ ಗೌರವ ಗಳಿಸಿದ್ದವರು. ಭಾರತದಿಂದ ಜೀತದ ಕರಾರಿನ ಮೇಲೆ ಬಂದ ಕೂಲಿಗಳ ಮೊದಲ ಹಡಗು ಲಿಯೊನಿಡಾಸ್ ಫಿಜಿಯನ್ನು ತಲುಪಿದ್ದೂ ಮೇ 14ರಂದೇ, 1879ರಲ್ಲಿ. ಅವರ ವಂಶಜರಲ್ಲಿ ಸಾವಿರಾರು ಮಂದಿ ದಂಗೆಯ ನಂತರ ದೇಶ ತೊರೆದರು.

ಈ ಎರಡು ಮುಖಗಳಿಗೂ ಬೇರು ಒಂದೇ ಎಂಬುದು ನನ್ನ ಅಭಿಪ್ರಾಯ. ಎರಡನೇ ಮಹಾಯುದ್ಧದಲ್ಲಿ ಮೂಲನಿವಾಸಿಗಳು ತಮ್ಮ ಮುಖಂಡ ರಾತು ಲಾಲಾ ಸುಕುನಾ ಅವರ ಕರೆಗೆ ಓಗೊಟ್ಟು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಯುರೋಪಿಯನ್ನರಷ್ಟೇ ಸಂಬಳ ನಮಗೂ ಕೊಡಿ ಎಂಬ ಭಾರತೀಯ ಮೂಲದವರ ಬೇಡಿಕೆಯನ್ನು ಬ್ರಿಟಿಷ್ ವಸಾಹತು ಸರ್ಕಾರ ಒಪ್ಪದ ಕಾರಣ ಅವರು ಬಹುತೇಕ ಹೊರಗುಳಿದರು. ಆ ಬೇಡಿಕೆ ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ. ಆದರೆ ಅದರ ಫಲವಾಗಿ ಸೈನ್ಯ ಒಂದೇ ಸಮುದಾಯದ ಸೈನ್ಯವಾಗಿ ಬೆಳೆಯಿತು. ಮುಂದೆ ವಿದೇಶಿ ಶಾಂತಿಪಾಲನೆಯ ಅಗತ್ಯಕ್ಕೆಂದು ಅದು ದೇಶದ ಗಾತ್ರಕ್ಕೆ ಮೀರಿ ಹಿಗ್ಗಿದಾಗ, ಅದರ ಬಲಕ್ಕೆ ಸಾಟಿಯಾಗಬಲ್ಲ ಸಂಸ್ಥೆ ದೇಶದೊಳಗೆ ಉಳಿಯಲಿಲ್ಲ. 2000ದ ನವೆಂಬರ್ 2ರಂದು ರಾಜಧಾನಿ ಸುವಾದ ಕ್ವೀನ್ ಎಲಿಜಬೆತ್ ಬ್ಯಾರಕ್ಸ್‌ನಲ್ಲಿ ಸೈನಿಕರು ಸೈನಿಕರ ಮೇಲೆಯೇ ಗುಂಡು ಹಾರಿಸಿದರು; ಆ ದಂಗೆಯಲ್ಲಿ ಮತ್ತು ಅದರ ಬೆನ್ನಿಗೆ ಒಟ್ಟು ಎಂಟು ಮಂದಿ ಸತ್ತರು. ಅಂದು ಕಡಿದಾದ ಇಳಿಜಾರಿನಲ್ಲಿ ಓಡಿ ಪ್ರಾಣ ಉಳಿಸಿಕೊಂಡ ಸೇನಾಧಿಪತಿ ಬೈನಿಮರಾಮ, 2006ರಲ್ಲಿ ತಾವೇ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿದರು.

ಮತ್ತೆ ಪ್ರಧಾನಿಯಾದ ರಾಬುಕ 2023ರ ಮೇ ತಿಂಗಳಿನಲ್ಲಿ 1987ರ ದಂಗೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಆ ಕ್ಷಮೆಗೆ ಬೆಲೆಯಿದೆ. ಆದರೂ ದೇಶದ ಭದ್ರತೆಯ ಜೊತೆಗೆ ಎಲ್ಲ ಪ್ರಜೆಗಳ ಯೋಗಕ್ಷೇಮದ ಹೊಣೆಯನ್ನೂ ಸೈನ್ಯಕ್ಕೆ ಒಪ್ಪಿಸುವ ಮಾತು 2013ರ ಸಂವಿಧಾನದ 131ನೇ ವಿಧಿಯಲ್ಲಿದ್ದು, ಇಷ್ಟು ಅಗಲವಾದ ಹೊಣೆಯನ್ನು ಯಾವ ಸೇನಾಧಿಪತಿ ಬೇಕಾದರೂ ತನಗೆ ತೋಚಿದಂತೆ ಅರ್ಥೈಸಬಹುದು. ಆ ವಿಧಿಯನ್ನು ರಕ್ಷಣೆಗಷ್ಟೇ ಸೀಮಿತಗೊಳಿಸುವುದು ಮತ್ತು ಭಾರತೀಯ ಮೂಲದ ಯುವಕರನ್ನು ಅಧಿಕಾರಿ ಹುದ್ದೆಗಳವರೆಗೂ ಬರಮಾಡಿಕೊಳ್ಳುವುದು ಆ ಕ್ಷಮೆಯ ನಂತರ ಆಗಲೇಬೇಕಾದ ಕೆಲಸಗಳು.